ಸಪ್ಪಳಿಲ್ಲದ ರಸ್ತೆ ಕೇಳಿದವರಿಗೆ

ಫೆರಿ ಇಳಿದ ಕೂಡಲೆ ಕೇಳತಾರ ಪುಣೆದ ಹುಡುಗರು,
ಕಾಲಿಗಂಟಿದ ಕರಿ ಚಡ್ಡಿ, ತಲಿಗೆ ಬೆಂಡಿನ ಟೊಪ್ಪಿಗಿ:
"ದಾದಾ, ದಿವಾಡಿ ಒಳಗ ಗಾಡಿಲ್ಲದ್ದು,
ಸಪ್ಪಳಿಲ್ಲದ್ದು, ಯಾವ ರಸ್ತೆ?"
ಒಂದ ಕೈಲೆ ಎತ್ತಿ ಹಿಡದಾರ ಸೈಕಲ್, ಛತ್ರಿ ಹಿಡದಂಗ.
ನನ್ನದು ಎರಡಾಳಿನ ತೂಕ:
ಹಿಂದ ಬಿದಿರ ಬುಟ್ಟಿ, ಮ್ಯಾಲ ನೀಲಿ ತಾಡಪತ್ರಿ,
ಒಳಗ ನೂರಾ ಅರವತ್ತು ಪೋಯಿ, ಅದರ ಅರ್ಧ ಉಂಡೊ,
ಮುದುಕರು ಚಹಾದಾಗ ಅದ್ದೋ ಬಳಿಯಂಥ ಕಾಕಣ.
ಬ್ರೇಕ್ ಒತ್ತಿದರ ಭಟ್ಟಿ ಬಿಸಿ ಬೆನ್ನಿಗೆ ಬಡೀತೈತಿ.

ಮತ್ತ ನನ್ನ ಕಸುಬ ಸಪ್ಪಳ ಮಾಡೋದು.
ಪೊಂ ಅಂದರ ಒಂದ ಬಾಗಿಲ,
ಪೊಂ ಪೊಂ ಅಂದರ ಓಣಿ ಪೂರಾ.
ಹನ್ನೊಂದ ವರ್ಷಾತು, ಈ ರಬ್ಬರ ಹಾರ್ನ್ ಹಿಚುಕಿ
ಹೆಬ್ಬಟ್ಟಿನಾಗ ಒಂದ ಗಂಟ ಎದ್ದೈತಿ.
ಗಜೇಂದ್ರಗಡದ ರಾಜೇಸಾಬ ಅಂದರ ಯಾರಿಗೂ ತಿಳಿಯೂದಿಲ್ಲ,
ಪೊಂ ಅಂದರ ತಿಳೀತೈತಿ.

ಆದರೂ ಹೇಳತೀನಿ, ಕೇಳ್ರಿ.
ಜೆಟ್ಟಿಯಿಂದ ನೆಟ್ಟಗ. ಎರಡೂ ಕಡಿ ಉಪ್ಪುನೀರ ಗದ್ದಿ,
ಭರತಿ ಇದ್ದರ ನೀರ, ಇಳತ ಇದ್ದರ ಏಡಿ.
ನಡುರಸ್ತೆದಾಗ ಬೆಳ್ಳಕ್ಕಿ ನಿಂತಿರತೈತಿ, ಬೈಬ್ಯಾಡ್ರಿ,
ಅದು ಎಮ್ಮಿ ಹೇಳಿದರಷ್ಟ ಕೇಳತೈತಿ.
ತೂಬಿನ ಬಾಗಿಲ ಬಂತಂದರ ಎಡಕ್ಕ ಹೊಳ್ರಿ,
ಸುಣ್ಣ ಬಳದ ಶಿಲುಬಿ, ಹುಣಸಿ ಗಿಡ, ಸಣ್ಣ ಏರು.
ಅಲ್ಲಿಂದ ಸಾಲಕ ಏಳ ಮನಿ.
ಒಬ್ಬರು ಲಿಸ್ಬನ್, ಇಬ್ಬರು ಲಂಡನ್, ಉಳಿದವರು ಕೋರ್ಟಿನಾಗ.
ಚಿಪ್ಪಿನ ಕಿಟಕಿ. ಬೀಗದ ತೂತಿನಾಗ ಜೇಡ.
ನಾಯಿ ಸುದ್ದಾ ಇಲ್ಲ.
ನಿಮಗ ಭಾಳ ಛಲೋ ರಸ್ತೆ ಅದು.
ನನಗ ಎಂಟ ನಿಮಿಷ ದಂಡ.

ದಂಡ ಅಂದರೂ ಹೋಗತೀನಿ, ಕಡೀ ಮನಿ ತೆರದೈತಿ.
ಎರ್ಮೆಲಿಂದಾಬಾಯಿ. ಹತ್ತೊಂಬತ್ತು ವರ್ಷ ಸ್ವಿಂಡನ್ ಅನ್ನೋ ಊರಾಗ
ಗೋದಾಮಿನ ರಾತ್ರಿಪಾಳಿ ಮಾಡಿ ಬಂದಾಕಿ.
ಮಲಗಿರಬೇಕು ಅಂತ ನಾ ಮೊದಲ ಆರ ತಿಂಗಳ
ಹಾರ್ನ್ ಒತ್ತದ, ಕಟ್ಟಿ ಮ್ಯಾಲ ಎರಡ ಪೋಯಿ ಇಟ್ಟು,
ಚೈನಿನ ಕರಕರ ಸುದ್ದಾ ಕಾಲಲೆ ತಡದು ಹೋಗತಿದ್ದೆ.

ಒಂದಿನ ತಾಡಪತ್ರಿ ಮ್ಯಾಲಿನ ಹಿಟ್ಟಿನ ಧೂಳಾಗ
ಬೆರಳಲೆ ಗೆರಿ ಎಳದ್ಲು. "ಇದು ನನ್ನ ರಸ್ತೆ, ನೋಡು."
ಪಾಳಿ ಮುಗದ ಮ್ಯಾಲ ಸೈಕಲ್ ಮ್ಯಾಲ ಮನಿಗೆ.
ಎರಡೂ ಕಡಿ ಆಳೆತ್ತರ ಮುಳ್ಳಬೇಲಿ, ನಡುವ ಒಂದ ಬಂಡಿ ಅಗಲ,
ಟ್ರ್ಯಾಕ್ಟರ್ ಬಂದರ ಬೇಲಿಯೊಳಗ ಬೆನ್ನ ಊರಿ ನಿಲ್ಲಬೇಕು,
ನಡಸಾವ ಸ್ಟೇರಿಂಗಿನಿಂದ ಒಂದ ಬೆರಳ ಎತ್ತತಾನ. ಅದ ನಮಸ್ಕಾರ.
ಕರಿ ಹಣ್ಣ ಕಿತ್ತರ ಕೈಗವಸ ನೇರಳಿ.
ಮಳಿ ಬಂದರ ಕುರಿ ಹಿಂಡಿಗೆ ಹಸಿ ಕಂಬಳಿ ವಾಸನಿ ಅಂದ್ಲು.
ಅದೊಂದ ನನಗ ಪೂರಾ ತಿಳೀತು.

"ಮೊದಲ ವರ್ಷ ಸ್ವರ್ಗ, ರಾಜೇಸಾಬ.
ಮೂರನೇ ವರ್ಷ ತಿರುವಿನಾಗ ಯಾರೂ ಇಲ್ಲದಿದ್ದರೂ
ಬೆಲ್ ಹೊಡಿಯಾಕ ಹತ್ತಿದೆ.
ಯಾರರೆ ಬಂದಾರು ಅಂತಲ್ಲ.
ನಾ ಬಂದೀನಿ ಅಂತ."
ಗೆರಿ ಒರಸಿ, ಕೈ ಝಾಡಿಸಿ, ಸಿಟ್ಟಿಲೆ ಕೇಳಿದ್ಲು:
"ಎಲ್ಲಾರ ಮನಿ ಮುಂದ ಊದತಿ, ನಮ್ಮನಿ ಮುಂದ ಯಾಕ ಊದೂದಿಲ್ಲ?"

ಅವತ್ತಿನಿಂದ ಅಲ್ಲಿ ಮೂರ ಸಲ ಒತ್ತತೀನಿ.
ಟ್ರ್ಯಾಕ್ಟರಿನವಗ, ಫೆರಿ ಸಾರಂಗನಿಗೆ ಹ್ಯಾಂಡಲ್ಲಿನಿಂದ
ಒಂದ ಬೆರಳ ಎತ್ತತೀನಿ.
ಸಾರಂಗ ಒಂದ ಪೋಯಿ ಫುಕಟ ಕೊಡತಾನ ಅಂತ ತಿಳದಿದ್ದ.

ಹೋಗ್ರಿನ್ನ, ಬಿಸಲೇರೂದರಾಗ ತಿರುಗಿ ಬರತೀರಿ.
ಕಡೀ ಮನಿ ಮುಂದ ಮಾತ್ರ ನಿಮ್ಮ ಬೆಲ್ ಒಮ್ಮೆ ಬಾರಿಸ್ರಿ.
ಏನು, ಬೆಲ್ಲ ಇಲ್ಲ?
ತೂಕ ಆಗತೈತಿ ಅಂತ ಬಿಚ್ಚಿಸೀರಿ?

ಹಂಗಾರ ಒಮ್ಮೆ ಕೆಮ್ಮರಿ.