ಕೊಸರು

ದೇಶದ ನಕ್ಷೆ ಬರೆಯಿರಿ ಎಂದರೆ
ನನ್ನ ಮಕ್ಕಳಿಗೆ ಯಾವಾಗಲೂ ಹಾಳೆ ಸಾಲುವುದಿಲ್ಲ.
ಎಡಕ್ಕೆ ಕಡಲು, ಮರಳು, ನಡುವೆ ವಿಂಡ್‌ಹುಕ್‌ನ ಚುಕ್ಕೆ,
ಎಲ್ಲ ಸಲೀಸು. ಆಮೇಲೆ ಬಲಗಡೆ ಮೇಲ್ಮೂಲೆಯಿಂದ
ಒಂದು ಬೆರಳು ಹೊರಡುತ್ತದೆ. ಹೊರಟದ್ದು ನಿಲ್ಲುವುದಿಲ್ಲ.
ಹಾಳೆಯ ಅಂಚು ದಾಟಿ
ಮೇಜಿನ ಮೇಲೂ ಎರಡಂಗುಲ ಪೆನ್ಸಿಲ್ ಗೀರು.
ಆ ಗೀರಿನ ತುದಿಯಲ್ಲಿದೆ ನಮ್ಮ ಶಾಲೆ.

ನಾವು ಯಾಕೆ ಟೀಚರ್ ಹೀಗೆ ಉದ್ದಕ್ಕೆ, ಎಂದು ಲಿಕಾಂಡೊ ಕೇಳಿದ.

ಬರ್ಲಿನ್ನಿನಲ್ಲಿ ಒಂದು ಕೋಣೆ ಇತ್ತು, ಮಗೂ.
ಹೊರಗೆ ಬೇಸಿಗೆ, ಒಳಗೆ ಮಸಿ ಹೀರುವ ಕಾಗದ.
ಜಾಂಬೆಜಿಯ ನೀರಿಗೊಮ್ಮೆ ಕಾಲು ತಾಗಿದರೆ ಸಾಕು,
ಹಡಗು ತೇಲಿಸುತ್ತ ಮೂಡಣ ಕಡಲಿಗೆ ಹೋದೇವು ಅಂದುಕೊಂಡರು.
ಬೆರಳು ತೋರಿಸಿದರೆ ಹಸ್ತ ನುಂಗುವವರಿರುತ್ತಾರೆ;
ಇವರು ಹಸ್ತವನ್ನು ಮೊದಲೇ ನುಂಗಿ, ಬಾಯಿ ಒರೆಸಿಕೊಂಡು,
ಆಮೇಲೆ ಬೆರಳು ಕೇಳಿದರು.
ಇಂಗ್ಲೆಂಡಿನವರ ಪಾಲಿಗೆ ಜಾಂಜಿಬಾರಿನ ಲವಂಗ,
ಇವರ ಪಾಲಿಗೆ ಉತ್ತರ ಸಮುದ್ರದ ಒಂದು ಬಂಡೆದ್ವೀಪ.
ತಕ್ಕಡಿ ಇಳಿಸುವ ಮೊದಲು ಅಂಗಡಿಯವ ಹಾಕುತ್ತಾನಲ್ಲ
ಮೇಲೊಂದು ಹಿಡಿ ಕೊಸರು,
ಅದು ನಾವು.

ದೋಣಿಯಲ್ಲಿ ಎರಡು ದಿನ ಕೆಳಗಿಳಿದರೆ
ಹೊಳೆಗೆ ಹೊಳೆಯೇ ತಲೆಕೆಳಗಾಗಿ ಬೀಳುವುದನ್ನು
ಅವರಿಗೆ ಯಾರೂ ಹೇಳಲಿಲ್ಲವೇ?
ಗುಡುಗುವ ಹೊಗೆ ಎಂದು ಅದನ್ನು ಕರೆದವರೆಲ್ಲ
ಇಲ್ಲೇ ದಡದಲ್ಲಿ ಬಲೆ ಒಣಗಿಸುತ್ತಿದ್ದರು.
ಕೇಳಬೇಕಿತ್ತು.

ಮಾರ್ಚ್ ತಿಂಗಳಲ್ಲಿ ಅಂಗೋಲಾದ ಮಳೆ
ಮೋಡವಿಲ್ಲದೆ ನಮ್ಮೂರಿಗೆ ಬರುತ್ತದೆ,
ನೆಲದಿಂದಲೇ ಏರುತ್ತ, ಮೊದಲು ಹುಲ್ಲಿಗೆ, ಆಮೇಲೆ ಬೆಂಚಿಗೆ.
ಹೊಳೆಯ ಅತಿ ಆಳದ ಗೆರೆಯೇ ಗಡಿ ಎಂದು
ಯಾರೋ ಬಂದು ಹೇಳಿದ ವರ್ಷ ಮಟೆಂಗು
ಮೊಕೊರೊದಲ್ಲಿ ನಿಂತು ಗಳ ಇಳಿಸಿ ಇಳಿಸಿ
ಆಳ ಹುಡುಕಿಕೊಟ್ಟ. ಕೂಲಿ ಕೊಟ್ಟರು.
ಮುಂದಿನ ನೆರೆಗೆ ಆಳ ಅಲ್ಲಿಂದೆದ್ದು
ನೀರಾನೆಗಳ ಹಿಂದೆ ಬೇರೆಲ್ಲೋ ಹೋಗಿತ್ತು.
ಆ ದುಡ್ಡು ವಾಪಸು ಕೊಡಬೇಕೇನೋ ಎಂದು
ಈಗಲೂ ಒಮ್ಮೊಮ್ಮೆ ನನ್ನನ್ನು ಕೇಳುತ್ತಾನೆ.
ಅವನಕ್ಕನ ಜೋಳದ ಹೊಲ ಈಚೆ, ಅವಳ ಗೋರಿ ಆಚೆ.

ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಉತ್ತರಪತ್ರಿಕೆ ತಿದ್ದುತ್ತೇನೆ.
ನಕ್ಷೆ ಚೌಕದೊಳಗೇ ಇರಬೇಕು, ಹೊರಚಾಚಿದರೆ
ಎರಡು ಅಂಕ ಕಳೆಯಿರಿ ಎಂದು ಮೇಲಿನವರ ಸೂಚನೆ.
ಇಪ್ಪತ್ತಮೂರು ಮಕ್ಕಳಿಗೆ ಕಳೆದೆ.
ಲಿಕಾಂಡೊನದು ಮಾತ್ರ ಪೂರ್ತಿ ಒಳಗಿದೆ:
ಬೆರಳು ಹಿಡಿಸಲೆಂದು
ಹುಣಸೆಬೀಜದಷ್ಟಕ್ಕೆ ದೇಶವನ್ನು ಕುಗ್ಗಿಸಿದ್ದಾನೆ.
ರಾಜಧಾನಿಯ ಹೆಸರಿಗೆ ಜಾಗವಿಲ್ಲ, ಕಡಲಿಗೂ ಇಲ್ಲ.
ಬೆರಳ ತುದಿಯಲ್ಲಿ ಮಟೆಂಗುವಿನ ದೋಣಿ ಬರೆದು
ಗಳಕ್ಕೆ ಬಣ್ಣ ಕೂಡ ಹಚ್ಚಿದ್ದಾನೆ.

ಅಳತೆ ತಪ್ಪು, ಎಂದು ಕೆಂಪು ಪೆನ್ನಿನಲ್ಲಿ ಶುರುಮಾಡಿ
ಯಾರದು ಎಂದು ತೋಚದೆ
ದೀಪ ಸಣ್ಣದು ಮಾಡಿದೆ.