ಭುಜದ ಮೇಲಿನ ಕೈ

ಕಿಸುಮು ಬಸ್ ನಿಲ್ದಾಣದ ಹಿಂದಿನ ಓಣಿ.
ಎರಡು ಕಂಪ್ಯೂಟರು, ಒಂದು ಪ್ರಿಂಟರು,
ಬಾಗಿಲಲ್ಲಿ ನಾನೇ ಬರೆದ ಹಲಗೆ:
ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಶನ್, ಅಂತ್ಯಕ್ರಿಯೆಯ ಪುಸ್ತಿಕೆ.
ಮೂರನೆಯದರಿಂದಲೇ ನನ್ನ ಬಾಡಿಗೆ ಹುಟ್ಟುವುದು,
ಸುಳ್ಳೇಕೆ.

ಗುರುವಾರ ಬಂದಳು ಆಕೇಯೊ,
ಸೆರಗಲ್ಲದ ಸೆರಗಿನಂಥ ಕಂಗಾದಲ್ಲಿ ಒಣಮೀನಿನ ವಾಸನೆ,
ಕೈಯಲ್ಲಿ ಗಾಜೊಡೆದ ಫೋನು.
'ಅಣ್ಣ ಓಬುಯಾ. ಶನಿವಾರ ಮಣ್ಣು.
ನಾಳೆ ಸಂಜೆಗೆ ನೂರೈವತ್ತು ಪುಸ್ತಿಕೆ.'

ಯಾರದೋ ದುಬಾರಿ ಫೋನಿನಲ್ಲಿ ತೆಗೆದ ಚಿತ್ರ.
ನನ್ನ ಮುದಿ ಯಂತ್ರ ತೆರೆಯಲೊಲ್ಲದು,
ಬರೀ ಬೂದು ಚೌಕ.
'ಹೆಸರಿನ ಬಾಲ ಕತ್ತರಿಸಿ ಜೆಪಿಜಿ ಅಂತ ಅಂಟಿಸು,'
ಎಂದ ಪಕ್ಕದ ಚಪ್ಪಲಿ ಅಂಗಡಿಯ ಹುಡುಗ.
ಹೆಸರು ತಿದ್ದಿದರೆ ಹಣೆಬರಹ ತಿದ್ದೀತೇ?
ತಿದ್ದಿ ನೋಡಿದೆ.
ಇಲ್ಲ.

ಆಗ ತೆರೆದೆ ನನ್ನ ಎಂದಿನ ತಾಣ.
ಬಿಟ್ಟಿ. ಸುತ್ತಲೂ ಜೂಜಿನ ಜಾಹೀರಾತು,
ನಡುವೆ ಚುಕ್ಕೆಗೆರೆಯ ಪೆಟ್ಟಿಗೆ: ಚಿತ್ರವನ್ನು ಇಲ್ಲಿ ಬಿಡಿ.
ಬಿಟ್ಟೆ.
ಹಸಿರು ಗೆರೆ ತೆವಳಿತು, ನಲವತ್ತು, ನಲವತ್ತೊಂದು,
ಅರವತ್ತೆಂಟಕ್ಕೆ ನಿಂತೇಬಿಟ್ಟಿತು.
'ಈಗ ಅವನೆಲ್ಲಿದ್ದಾನೆ?' ಕೇಳಿದಳು.
'ಯಾವುದೋ ದೇಶದ ಯಾವುದೋ ಯಂತ್ರದಲ್ಲಿ.'
'ಪಾಸ್‌ಪೋರ್ಟೇ ಇರಲಿಲ್ಲವಲ್ಲ,' ಎಂದು ನಕ್ಕಳು ಮೊದಲ ಸಲ,
'ಮೀನಿನ ಹಿಂದೆ ಒಮ್ಮೆ ಉಗಾಂಡದ ನೀರಿಗೆ ಹೋಗಿದ್ದ.
ಅದಕ್ಕೂ ದಂಡ ಕಟ್ಟಿಬಂದ.'

ಬಂತು ಚಿತ್ರ. ಯಾರದೋ ಮದುವೆ, ಏಳು ಜನ,
ಎರವಲು ಕೋಟಿನಲ್ಲಿ ತುದಿಗೆ ಓಬುಯಾ,
ಬಿಸಿಲಿಗೆ ಒಂದೇ ಕಣ್ಣು ತೆರೆದು.
ಇನ್ನೊಂದು ತಾಣಕ್ಕೆ ಕೊಟ್ಟೆ, ಅದು
ಆರು ಜನರನ್ನೂ ಚಪ್ಪರವನ್ನೂ ಗುಡಿಸಿಹಾಕಿತು.
ಅವನ ಹಿಂದೆ ಈಗ ಚದುರಂಗದ ಹಾಸಿನಂಥ ಬೂದು, ಬಿಳಿ,
ಖಾಲಿ ಎಂಬುದಕ್ಕೆ ಯಂತ್ರಗಳು ಇಟ್ಟುಕೊಂಡ ಗುರುತು.

ಭುಜದ ಮೇಲೆ ಒಂದು ಕೈ ಉಳಿದಿತ್ತು.
ನಾಲ್ಕು ಬೆರಳು, ಒಂದು ಉಂಗುರ,
ಮಣಿಕಟ್ಟಿನಾಚೆ ಯಾರೂ ಇಲ್ಲ.
ಅಳಿಸಲು ಹೊರಟೆ.
'ನಿಲ್ಲು. ಅದು ಒಗೋಲಾನ ಕೈ. ದೊಡ್ಡಣ್ಣ.
ದೋಣಿಯ ಎಂಜಿನ್ ವಿಷಯಕ್ಕೆ ಒಂಬತ್ತು ವರ್ಷ ಮಾತಿರಲಿಲ್ಲ.
ಫೋಟೊದವನು ಹತ್ತಿರ ಬನ್ನಿ ಅಂದ, ಬಂದರು.
ಆಮೇಲೆ ಬೇರೆ ಬೇರೆ ಮೇಜಿನಲ್ಲಿ ಉಂಡರು.'
ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
'ಇರಲಿ ಬಿಡು ಅದು.'

ಮತ್ತೆ ಜೆಪಿಜಿ ಮಾಡಬೇಕು, ಅಚ್ಚಿಗೆ ಅದೇ ಬೇಕು.
ಈ ಜೆಪಿಜಿಗೋ ಖಾಲಿ ಅಂದರೇನೆಂದೇ ತಿಳಿಯದು,
ಬರಿದು ಕಂಡಲ್ಲಿ ಏನಾದರೂ ಸುರಿಯಲೇಬೇಕು.
ಕಪ್ಪು ಸುರಿಯಿತು.
ಆಕೇಯೊ ಮುಖ ತಿರುಗಿಸಿದಳು.
'ಬೇರೆ ಬಣ್ಣ ಹೇಳು, ತುಂಬುತ್ತೇನೆ.'
'ಅವನ ದೋಣಿಯದು. ಹಸಿರು.
ಹಸಿರಲ್ಲ, ಹಸಿರು ಹೋದಮೇಲಿನ ಹಸಿರು.'
ಹನ್ನೊಂದು ಬಣ್ಣ ತೋರಿಸಿದೆ. ಒಂಬತ್ತನೆಯದಕ್ಕೆ
ತಲೆಯಾಡಿಸಿದಳು; ಹನ್ನೊಂದೂ ನೋಡಿ
ಒಂಬತ್ತಕ್ಕೇ ಮರಳಿದಳು.

ಪ್ರತಿ ದಾಟಿಗೂ ಒಂದಿಷ್ಟು ಸುಂಕ.
ಕಿವಿಯ ಅಂಚು ಇಟ್ಟಿಗೆ ಇಟ್ಟಿಗೆಯಾಯಿತು,
ಉಂಗುರ ಎರಡು ಹಳದಿ ಚುಕ್ಕೆ.
ಅವಳಿಗೆ ಹೇಳಲಿಲ್ಲ. ಕನ್ನಡಕ ತಂದಿರಲಿಲ್ಲ ಅವಳು.

ಮಂಗಳವಾರ ಒಬ್ಬ ಮುದುಕ ಬಂದ.
ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟ.
'ಇದನ್ನು ಕತ್ತರಿಸಿದ್ದು ನೀನಾ?'
ಉಂಗುರ ನೋಡಿದೆ, ಹೌದು ಎಂದೆ.
'ಪೂರ್ತಿ ಚಿತ್ರ ಬೇಕು. ಅಂದರೆ, ಏಳೂ ಜನ ಬೇಡ.'

ಒಂದು ಗಂಟೆಯಲ್ಲಿ ಎಲ್ಲ ಅಳಿಸುತ್ತೇವೆ ಎನ್ನುತ್ತದೆ ಆ ತಾಣ.
ನನ್ನ ಡೌನ್‌ಲೋಡ್ಸ್ ಹಾಗಲ್ಲ, ಏನನ್ನೂ ಬಿಸಾಡದ ಅಟ್ಟ.
ಮೂಲ ಸಿಕ್ಕಿತು.
ಚುಕ್ಕೆಗೆರೆಯ ಪೆಟ್ಟಿಗೆಯಲ್ಲಿ ಮತ್ತೆ ಬಿಟ್ಟೆ.
ಸ್ಟೂಲು ಕೊಟ್ಟೆ, ಕೂರಲಿಲ್ಲ.
ಈ ಸಲವೂ ಅರವತ್ತೆಂಟಕ್ಕೇ ನಿಂತಿತು.
ಕಾದೆವು.