ಅಂಗೈಯಗಲ

ಅಕ್ಟೋಬರಿನ ಕೊನೆಯ ವಾರ ಕೂಹ್ಮೊ ಊರಿನಲ್ಲಿ
ಎಲ್ಲರಿಗೂ ಒಂದೇ ದಿನ ಚಳಿಗಾಲ ನೆನಪಾಗುತ್ತದೆ.
ನನ್ನ ಷೆಡ್ಡಿನ ಮುಂದೆ ಕಾರುಗಳ ಸಾಲು,
ಹಿಂದಿನ ಸೀಟಿನಲ್ಲಿ ಮಕ್ಕಳ ಹಾಗೆ
ಬೆಲ್ಟು ಬಿಗಿಸಿಕೊಂಡು ಕೂತ ಟೈರುಗಳು.

ಯಾಲ್ಮರಿ ಬಂದ. ಗರಗಸದ ಮಿಲ್ಲಿನಲ್ಲಿ
ಒಂದು ಬೇಸಿಗೆ ಪೂರ್ತಿ ಹೊಟ್ಟು ನುಂಗಿ ಕೊಂಡದ್ದು:
ಹದಿನೆಂಟಂಗುಲದ ನಾಲ್ಕು ಗಾಲಿ, ಕರಿಮಿಂಚು.
"ಅಗಲದ ಟೈರು ಹಾಕು, ರೌಹಾ.
ಅಗಲ ಇದ್ದಷ್ಟೂ ಹಿಡಿತ ಜಾಸ್ತಿ ತಾನೇ?"

ಜುಲೈಯಲ್ಲಿ ಕೇಳು, ಹೌದು ಅನ್ನುತ್ತೇನೆ.
ಒಣ ಡಾಂಬರಿಗೆ ಅಗಲವೇ ಸರಿ.
ಈ ಅರೆಗರಗಿದ ಹಿಮದ ರಾಡಿಯಿದೆಯಲ್ಲ,
ಅದು ಅಗಲದ್ದನ್ನು ಹೆಗಲ ಮೇಲೆ ಹೊತ್ತು ತೇಲಿಸುತ್ತದೆ.
ಸಪೂರದ್ದು ಮುಳುಗುತ್ತದೆ,
ಮುಳುಗಿ ತಳ ಮುಟ್ಟುತ್ತದೆ,
ಮುಟ್ಟಿದ್ದನ್ನು ಕಚ್ಚುತ್ತದೆ.

ಗಾಲಿ ದೊಡ್ಡದಾದರೆ ರಬ್ಬರಿನ ಗೋಡೆ ಗಿಡ್ಡಾಗಬೇಕು,
ಒಟ್ಟು ಎತ್ತರ ಮೀರಿದರೆ
ವೇಗದ ಮುಳ್ಳೂ ಸುಳ್ಳು ಹೇಳುತ್ತದೆ.
ಗಿಡ್ಡ ಗೋಡೆಗೆ ತಾಳ್ಮೆ ಕಡಿಮೆ.
ಹೆಪ್ಪುಗಟ್ಟಿದ ಗುಂಡಿಗೆ ಬಿದ್ದರೆ ಪೆಟ್ಟು ನೇರ ಗಾಲಿಗೆ,
ಮಿಲ್ಲಿನ ಆ ಬೇಸಿಗೆ ಅಲ್ಲೇ ಸೊಟ್ಟ.

ಅವನು ಕೇಳಿಸಿಕೊಳ್ಳಲಿಲ್ಲ. ಗಾಲಿಯನ್ನೇ ನೋಡುತ್ತಿದ್ದ.

ಕೈಗವಸು ಕಳಚಿ ಅಂಗೈ ತೋರಿಸಿದೆ,
ಗ್ರೀಸು ರೇಖೆಗಳಿಗೆ ಇಳಿದು ಕೂತ ಅಂಗೈ.
ನೋಡು, ನೆಲ ಮುಟ್ಟುವುದು ಇಷ್ಟೇ.
ಇಂಥವು ನಾಲ್ಕು. ಉಳಿದದ್ದೆಲ್ಲ, ನಿನ್ನ ಪಾಟೂ, ನೀನೂ,
ಗಾಳಿಯಲ್ಲಿ.

ನಾನೂ ಒಮ್ಮೆ ಮಾರಿದ್ದೆ, ಅಂಗಡಿ ಹೊಸತು, ಬಾಡಿಗೆ ಬಾಕಿ.
ತೌನೊ ಅಗಲದ್ದೇ ಬೇಕೆಂದ, ನಾನು ಹೂಂ ಎಂದೆ.
ಲೆಂಟುವಾ ಕೆರೆಯ ತಿರುವಿನಲ್ಲಿ ಕಾರು
ಯಾವ ಅವಸರವೂ ಇಲ್ಲದೆ, ಮಲಗಲು ಹೋದಂತೆ,
ಹಿಮದ ದಿಬ್ಬಕ್ಕೆ ಸರಿಯಿತಂತೆ.
ಎರಡು ಗಂಟೆ ಒಳಗೇ ಕೂತು
ರೇಡಿಯೋದಲ್ಲಿ ಮೀನಿನ ದರ ಕೇಳಿದನಂತೆ.
ಮರುದಿನ ಬಂದ. ಬೈಯಲಿಲ್ಲ.
ಗಲ್ಲೆಯ ಮೇಲೆ ಒಂದು ಒಣಮೀನಿಟ್ಟು ಹೋದ.
ಅದನ್ನು ತಿನ್ನುವುದೋ ಬೇಡವೋ
ನನಗೆ ವಸಂತದವರೆಗೂ ತಿಳಿಯಲಿಲ್ಲ.

ಹಿಡಿಸುವುದು ಬೇರೆ, ಹಿಡಿಯುವುದು ಬೇರೆ, ಹುಡುಗಾ.

ಕೊನೆಗೆ ಹದಿನೈದರ ಕಬ್ಬಿಣದ ಗಾಲಿ,
ಅಂಚಿಗೆ ತುಕ್ಕು, ಮೇಲೆ ಮೊಳೆ ಬಡಿದ ಸಪೂರ ಟೈರು.
ಅಜ್ಜಿಯ ಬೂಟು ಹಾಕಿಸಿಕೊಂಡ ಮದುಮಗಳನ್ನು ನೋಡುವ ಹಾಗೆ
ಕಾರನ್ನು ನೋಡಿದ. ದುಡ್ಡು ಕೊಟ್ಟ. ಥ್ಯಾಂಕ್ಸ್ ಅನ್ನಲಿಲ್ಲ.
ಕರಿಗಾಲಿಗಳ ಮೇಲೆ ಸೀಮೆಸುಣ್ಣದಲ್ಲಿ
ಅವನ ಹೆಸರು ಬರೆದೆ, ಕೆಳಗೆ: ಮೇ.

ನಿನ್ನೆ ರಾತ್ರಿ ಮೊದಲ ಹಿಮ.
ಹನ್ನೊಂದೂವರೆಗೆ ಒಂದು ಕಾರು ಹೋಯಿತು,
ಪಡ್ಡೆ ವಯಸ್ಸಿನ ವೇಗ.
ಕಾಫಿ ಬಟ್ಟಲು ಬಾಯಿಯ ಹತ್ತಿರವೇ ಹಿಡಿದು
ಮೊಳೆಗಳ ಕರಕರ
ತಿರುವು ದಾಟುವವರೆಗೆ ಕಿವಿಗೊಟ್ಟೆ,
ದಾಟಿದ ಮೇಲೂ ಸ್ವಲ್ಪ ಹೊತ್ತು.